ಕರಪತ್ರದ ಕೆಳಸಾಲಿನವರು

ಶ್ರಾವಣಕ್ಕೆ ಇನ್ನೂ ವಾರ ಇರುವಾಗಲೇ ಹಾರೂಗೇರಿ ಕ್ರಾಸಿನ ಚಹಾದಂಗಡಿಯ ಗೋಡೆಗೆ, ಗೊಬ್ಬರದ ಅಂಗಡಿಯ ಶಟರಿಗೆ, ಬಸ್ಸಿಗೆ ಕಾಯುವವರು ಒರಗುವ ಕಂಬಕ್ಕೆ ಪುರಾಣದ ಕರಪತ್ರಗಳು ಅಂಟಿಕೊಳ್ಳುತ್ತವೆ. ಒಂದೊಂದು ಊರಿನದು ಒಂದೊಂದು ಬಣ್ಣದ ಕಾಗದ. ಒಕ್ಕಣೆ ಮಾತ್ರ ಎಲ್ಲ ಊರಿನದೂ ಒಂದೇ. ಮೇಲೆ ಮಠದ ದೇವರ ಹೆಸರು, ಅದರ ಕೆಳಗೆ ಸಾನ್ನಿಧ್ಯ ವಹಿಸುವ ಸ್ವಾಮಿಗಳ ಹೆಸರು ದಪ್ಪಕ್ಷರದಲ್ಲಿ. ಆಮೇಲೆ ಬಸವಪುರಾಣವೋ ಸಿದ್ಧಾರೂಢರ ಚರಿತ್ರೆಯೋ ಗುಡ್ಡಾಪುರದ ದಾನಮ್ಮನ ಕಥೆಯೋ, ಹೇಳುವ ಶಾಸ್ತ್ರಿಗಳು ಯಾರು, ದಿನಾ ಸಂಜೆ ಎಷ್ಟು ಗಂಟೆಗೆ, ಮಂಗಲ ಯಾವತ್ತು, ಅವತ್ತಿನ ಪ್ರಸಾದ ಯಾರ ಮನೆಯದು. ದಾನಿಗಳ ಹೆಸರು ಸಾಲುಸಾಲಾಗಿ ಮುಗಿದ ಮೇಲೆ, ಮುದ್ರಣಾಲಯದ ಹೆಸರಿಗಿಂತ ಒಂದು ಗೆರೆ ಮೇಲೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿರುತ್ತದೆ: ಸಂಗೀತ ಸೇವೆ ಇಂಥವರು, ತಬಲಾ ಸಾಥ್ ಇಂಥವರು, ವೀರೇಶ್ವರ ಪುಣ್ಯಾಶ್ರಮ, ಗದಗ.

ನಾನು ಈ ಕರಪತ್ರಗಳನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಹಾಡುವವರು ಯಾರು ಎಂದು ನೋಡಿ ಈ ಸಲ ಯಾವ ಊರಿನ ಪುರಾಣಕ್ಕೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳುವವರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ. "ಅಲಖನೂರಾಗ ಈ ವರ್ಷ ಪೇಟಿಗೆ ಯಾರ ಬರ್ತಾರಂತ?" ಎಂದು ಒಬ್ಬ ಕೇಳಿದರೆ, "ಹ್ವಾದ ವರ್ಷ ಮುಗಳಖೋಡಕ್ಕ ಬಂದಿದ್ರಲ್ಲಾ, ಅವರ" ಎಂದು ಇನ್ನೊಬ್ಬ ಹೇಳುತ್ತಾನೆ. ಇಬ್ಬರಿಗೂ ಹೆಸರು ಬೇಕಾಗುವುದಿಲ್ಲ. ಆ ದನಿ ಇಬ್ಬರ ಕಿವಿಯಲ್ಲೂ ಇರುತ್ತದೆ. ಗದಗಿನ ಆ ಆಶ್ರಮದಲ್ಲಿ ಸಂಗೀತ ಕಲಿತು ಹೊರಬಿದ್ದವರ ಪಟ್ಟಿ ಮಾಡಲು ಯಾರಾದರೂ ಹೊರಟರೆ, ಪ್ರಶಸ್ತಿ ಪುರಸ್ಕೃತರ ಹೆಸರು ಬರೆದುಕೊಳ್ಳುವ ಮೊದಲು ರಾಯಬಾಗ, ಅಥಣಿ, ಚಿಕ್ಕೋಡಿ, ಜಮಖಂಡಿ ಸೀಮೆಯ ಈ ಬಣ್ಣಬಣ್ಣದ ಕಾಗದಗಳನ್ನು ಒಂದು ಕಡೆ ಕೂಡಿಹಾಕಬೇಕೆಂದು ನನಗೆ ಯಾವಾಗಲೂ ಅನ್ನಿಸಿದೆ.

ಅಲ್ಲಿ ಕಲಿತ ಈ ಗವಾಯಿಗಳು ನಮ್ಮ ಕಡೆಗೆ ಬರುವುದು ಬಸ್ಸಿನಲ್ಲಿ. ಗದಗಿನಿಂದ ನರಗುಂದ, ರಾಮದುರ್ಗ, ಲೋಕಾಪುರ, ಮುಧೋಳ. ಅಲ್ಲಿಂದ ಮಹಾಲಿಂಗಪುರ, ರಬಕವಿ, ತೇರದಾಳ ದಾಟಿ ಹಾರೂಗೇರಿ. ಪೇಟಿ ಬಸ್ಸಿನ ಎಂಜಿನ್ನಿನ ಬಳಿ, ತಬಲಾದ ಚೀಲ ತೊಡೆಯ ಮೇಲೆ. ಹಾಡುವವರಿಗೆ ಕಣ್ಣಿಲ್ಲದಿದ್ದರೆ ತಬಲಾದವರಿಗೆ ಇರುತ್ತದೆ. ಕೆಲವು ಸಲ ಇಬ್ಬರಿಗೂ ಇರುವುದಿಲ್ಲ. ಇಬ್ಬರಿಗೂ ಇಲ್ಲದಾಗ ಕಂಡಕ್ಟರನೇ ಇಳಿಸಿ, ಚಹಾದಂಗಡಿಯವನಿಗೆ ಒಪ್ಪಿಸಿ, ಮಠದ ಹುಡುಗರು ಬರುವವರೆಗೆ ನೋಡಿಕೊಳ್ಳಲು ಹೇಳಿ ಹೋಗುತ್ತಾನೆ. ಅವರ ಬಿಡಾರ ಮಠದ ಒಂದು ಕೋಣೆ. ಒಂದು ತಿಂಗಳು, ಈಗೀಗ ಹನ್ನೊಂದು ದಿನ, ಊರೇ ಅವರ ಮನೆ.

ಸಂಜೆ ಅರಿಸಿನದ ಹೊಲದಲ್ಲಿ ಕಳೆ ತೆಗೆದು ಬಂದ ಹೆಣ್ಣುಮಕ್ಕಳು ಕೈಕಾಲು ತೊಳೆದುಕೊಂಡು ಮಠದ ಪಡಸಾಲೆಗೆ ಬರುವ ಹೊತ್ತಿಗೆ ಗವಾಯಿಗಳ ಪ್ರಾರ್ಥನೆ ಶುರುವಾಗಿರುತ್ತದೆ. ತಬಲಾದವರು ಸಣ್ಣ ಸುತ್ತಿಗೆಯಿಂದ ಬಡಿದು ಬಡಿದು ಶ್ರುತಿ ಕೂಡಿಸಿರುತ್ತಾರೆ. ಶಾಸ್ತ್ರಿಗಳು ಕಥೆ ಎತ್ತಿಕೊಳ್ಳುತ್ತಾರೆ. ಕಲ್ಯಾಣದ ಬಾಗಿಲಿಗೆ ಅಕ್ಕ ಬಂದು ನಿಂತಳು ಎನ್ನುವವರೆಗೆ ಅವರ ಮಾತು. ಅಲ್ಲಿ ಅವರು ಉಸಿರು ತಗೊಂಡರೆ ಅಲ್ಲಿಂದ ಮುಂದೆ ಗವಾಯಿಗಳದು. ಅಕ್ಕನ ಯಾವ ವಚನ, ಯಾವ ರಾಗದಲ್ಲಿ, ಎಷ್ಟು ಹೊತ್ತು ಎಂಬುದನ್ನು ಆ ಒಂದು ಉಸಿರಿನಲ್ಲೇ ನಿಶ್ಚಯಿಸಬೇಕು. ಮೊದಲೇ ಮಾತಾಡಿಕೊಂಡ ಪಟ್ಟಿ ಇರುವುದಿಲ್ಲ. ಕಥೆ ನೋವಿನದಾದರೆ ಜೋಗಿಯಾಕ್ಕೆ ಇಳಿಯುತ್ತಾರೆ, ವೈರಾಗ್ಯದ್ದಾದರೆ ಮಾಲಕಂಸಕ್ಕೆ ಹೋಗುತ್ತಾರೆ, ಮಂಗಲಕ್ಕೆ ಭೈರವಿ. ಜನ ತುಂಬ ಮನಸೋತಿದ್ದು ಕಂಡರೆ ಶಾಸ್ತ್ರಿಗಳೇ ಕೈಸನ್ನೆ ಮಾಡಿ ಇನ್ನೊಂದು ಆವರ್ತ ಹಾಡಿಸುತ್ತಾರೆ. ನಮ್ಮೂರಿನ ಎಷ್ಟೋ ಮಂದಿ ರಾಗದ ಹೆಸರು ಹೇಳಲಾರರು. ಆದರೆ ಮರುದಿನ ಹಾಲಿನ ಡೇರಿಯ ಮುಂದೆ ಗವಾಯಿಗಳನ್ನು ಕಂಡರೆ, "ನಿನ್ನಿ ನಡಕ ಒಂದ ಹಾಡಿದ್ರಲ್ರಿ, ಅದರ ಧಾಟಿ ಇವತ್ತೂ ತಗೋರಿ" ಎಂದು ಕೇಳುತ್ತಾರೆ. ಕೇಳುವವರು ಇಂಥವರು ಇರುವ ಕಡೆ ಹಾಡುವವರು ಅಡ್ಡಾದಿಡ್ಡಿ ಹಾಡಲಾರರು. ಮಿರಜದಿಂದ ಬಾಗಲಕೋಟೆಯವರೆಗಿನ ಈ ಸೀಮೆಯಲ್ಲಿ ಹಿಂದೂಸ್ತಾನಿ ಸಂಗೀತಕ್ಕೆ ಜನರ ಕಿವಿ ಹದಗೊಳಿಸಿದವರು ರೇಡಿಯೋದವರು, ಸಭೆಗಳವರು ಎಂದು ಓದಿದಾಗಲೆಲ್ಲ ನನಗೆ ಒಪ್ಪಿಗೆ ಆಗುವುದಿಲ್ಲ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಈ ಪಡಸಾಲೆಗಳಲ್ಲಿ ನಡೆದಿದೆ.

ಈ ಗವಾಯಿಗಳು ಕಲಿತ ಗದಗಿನ ಶಾಲೆಯ ಕಥೆ ಶುರುವಾಗುವುದೂ ಒಬ್ಬರು ಒಂದು ದನಿಗೆ ಕಿವಿಗೊಟ್ಟದ್ದರಿಂದಲೇ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೂ ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಹುಡುಗರು ಹಾಡುವುದನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಇಬ್ಬರನ್ನೂ ತಮ್ಮ ಜತೆಗೆ ಕರೆದುಕೊಂಡರು. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗ ಮಂದಿರ ಕಟ್ಟಿದ ಸ್ವಾಮಿಗಳು ಅವರು. ಅಣ್ಣ ಬೇಗ ತೀರಿಕೊಂಡ. ತಮ್ಮನನ್ನು ಕರ್ನಾಟಕ ಸಂಗೀತಕ್ಕೆಂದು ಮೈಸೂರಿಗೆ ಕಳಿಸಿದರು. ಅದು ಮುಗಿದ ಮೇಲೆ ಹಿಂದೂಸ್ತಾನಿ ಕಲಿಸಲು ಮಿರಜದ ನೀಲಕಂಠಬುವಾ ಅವರನ್ನು ಹಿಡಿದರು. ಹೀಗೆ ಎರಡೂ ಪದ್ಧತಿಗಳನ್ನು ಗಂಟಲಲ್ಲಿ ಇಟ್ಟುಕೊಂಡು ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು.

ಮಿರಜದ ಹೆಸರು ಬಂದ ಮೇಲೆ ಸ್ವಲ್ಪ ಅಲ್ಲಿ ಕೂತು ಹೋಗದೆ ಮುಂದಕ್ಕೆ ಸಾಗುವುದು ನಮ್ಮ ಕಡೆಯವರಿಗೆ ಕಷ್ಟ. ಕುಡಚಿಯಲ್ಲಿ ರೈಲು ಹತ್ತಿ ಕೃಷ್ಣೆಯ ಸೇತುವೆ ದಾಟಿದರೆ ತಾಸೊಂದರಲ್ಲಿ ಮಿರಜ. ದವಾಖಾನೆಗೆ ಹೋಗುವುದೂ ಅಲ್ಲಿಗೇ, ಪೇಟಿಯ ಸ್ವರ ಕೆಟ್ಟರೆ ಹೋಗುವುದೂ ಅಲ್ಲಿಗೇ. ಕೃಷ್ಣೆ ಪಂಚಗಂಗೆ ಕೂಡುವ ಕಡೆಗಿರುವ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರಿಗೆ ಹುಡುಗರಿದ್ದಾಗ ಪಟಾಕಿ ಸಿಡಿದು ಕಣ್ಣು ಹಾಳಾಯಿತು. ಚಿಕಿತ್ಸೆಗೆಂದು ಮಿರಜಕ್ಕೆ ಕರೆತಂದರು. ಕಣ್ಣು ಪೂರ್ತಿ ಸರಿಹೋಗಲಿಲ್ಲ. ಓದಿಗೆ ಆಗದ ಹುಡುಗ ಹಾಡಾದರೂ ಕಲಿಯಲಿ ಎಂದು ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ಬಿಟ್ಟರು. ಆ ಹುಡುಗ ಮುಂದೆ 1901ರಲ್ಲಿ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ. ದುಡ್ಡು ಕೊಟ್ಟು ಯಾರು ಬೇಕಾದರೂ ಶಾಲೆಗೆ ಹೋದಂತೆ ಹೋಗಿ ಸಂಗೀತ ಕಲಿಯಬಹುದು ಎಂಬುದು ಆಗ ದೊಡ್ಡ ಸುದ್ದಿ. ಇವತ್ತಿಗೂ ಗಾಂಧರ್ವ ಮಂಡಳದ ಪರೀಕ್ಷೆಗಳ ಕಾರಭಾರ ನಡೆಯುವುದು ಮಿರಜದಿಂದ. ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದ ಮಕ್ಕಳು ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ ಎನ್ನುತ್ತ ಆ ಮೆಟ್ಟಿಲನ್ನೂ ಹತ್ತುತ್ತಾರೆ. ಜೂನಿಯರ್, ಸೀನಿಯರ್, ವಿದ್ವತ್ ಎನ್ನುವ ನಮ್ಮ ರಾಜ್ಯದ ಮೆಟ್ಟಿಲನ್ನೂ ಹತ್ತುತ್ತಾರೆ. ಎರಡೂ ಸರ್ಟಿಫಿಕೇಟುಗಳು ಒಂದೇ ಗೋಡೆಯ ಮೇಲೆ ತೂಗಾಡುವ ಮನೆಗಳು ನಮ್ಮ ಗಡಿಯಲ್ಲಿವೆ.

ನೀಲಕಂಠಬುವಾ ಇದೇ ಬಾಳಕೃಷ್ಣಬುವಾ ಅವರ ಶಿಷ್ಯರು. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಒಬ್ಬ ಹುಡುಗನ ದನಿ ಕಿವಿಗೆ ಬಿದ್ದು ಅವನನ್ನೂ ಮಿರಜಕ್ಕೆ ಕರೆದುಕೊಂಡು ಹೋಗಿ ವರ್ಷಗಟ್ಟಲೆ ಕಲಿಸಿದರು. ಆ ಹುಡುಗ ಮಲ್ಲಿಕಾರ್ಜುನ ಮನಸೂರ. ಗಾಯಕ ಅಬ್ದುಲ್ ಕರೀಮ್ ಖಾನರು ನೆಲೆನಿಂತದ್ದೂ ಮಿರಜದಲ್ಲೇ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿನ ಮೀರಾಸಾಹೇಬರ ದರ್ಗಾದಲ್ಲಿದೆ. ಪ್ರತಿವರ್ಷ ಉರುಸಿನಲ್ಲಿ ಅವರ ನೆನಪಿಗೆ ಸಂಗೀತ ನಡೆಯುತ್ತದೆ. ಇನ್ನು ಅಲ್ಲಿನ ಸಿತಾರ ಗಲ್ಲಿ. ಪಂಢರಪುರದ ಕಡೆಯಿಂದ ಬರುವ ದೊಡ್ಡ ಸೋರೆ ಬುರುಡೆಗಳು ಅಂಗಡಿಯ ಮಾಳಿಗೆಯಲ್ಲಿ ಒಣಗುತ್ತಿರುತ್ತವೆ. ಅವನ್ನು ಸೀಳಿ, ಹದಮಾಡಿ, ಮರ ಕೂಡಿಸಿ, ತಂತಿ ಬಿಗಿದು, ಕುದುರೆಯನ್ನು ಅರದಿಂದ ಕೂದಲೆಳೆಯಷ್ಟು ತೀಡಿ ಜವಾರಿ ತೆಗೆಯುವ ಕುಟುಂಬಗಳು ಹತ್ತೊಂಬತ್ತನೆಯ ಶತಮಾನದಿಂದ ಆ ಕೆಲಸದಲ್ಲಿವೆ. ಮಿರಜದ ಸಿತಾರ ತಂಬೂರಿಗಳಿಗೆ 2024ರಲ್ಲಿ ಜಿಐ ಗುರುತು ಸಿಕ್ಕಿತು. ಗದಗಿನ ಆಶ್ರಮದ ಮಕ್ಕಳು ಮಿರಜದ ಪರಂಪರೆಯನ್ನು ನಮ್ಮ ಊರುಗಳಿಗೆ ಹೊತ್ತು ತರುವಾಗ, ನದಿಯ ಆ ದಂಡೆಯದು ಗದಗನ್ನು ಸುತ್ತಿ ಈ ದಂಡೆಗೂ ಬಂತಲ್ಲ ಎಂದು ನನಗೆ ಹೆಮ್ಮೆ. ಇಷ್ಟು ಹೇಳಲೆಂದೇ ಮಿರಜದಲ್ಲಿ ಇಷ್ಟು ಹೊತ್ತು ಕೂತದ್ದು.

ಪಂಚಾಕ್ಷರ ಗವಾಯಿಗಳ ಶಾಲೆಗೆ ಬಹುಕಾಲ ಕಟ್ಟಡವೇ ಇರಲಿಲ್ಲ. ಗುರು ಎಲ್ಲಿ ಹೋದರೆ ಅಲ್ಲಿ ಶಾಲೆ. ಎತ್ತಿನ ಗಾಡಿಯಲ್ಲಿ ಪೇಟಿ, ತಂಬೂರಿ, ಮೃದಂಗ. ಹಿಂದೆ ಮುಂದೆ ಶಿಷ್ಯರು, ಅವರಲ್ಲಿ ಕಣ್ಣಿಲ್ಲದ ಮಕ್ಕಳೇ ಹಲವರು. ಒಂದು ಊರಿನ ಮಠದಲ್ಲಿ ಇಳಿದರೆ ಆ ಊರವರು ಜೋಳ ಬೇಳೆ ತಂದುಕೊಡುತ್ತಿದ್ದರು. ಬೆಳಿಗ್ಗೆ ಪಾಠ, ಸಂಜೆ ಕೀರ್ತನೆ. ಬರಗಾಲ ಬಂದರೆ ಮುಂದಿನ ಊರು. ಜಾತಿ ಕೇಳದೆ ಸೇರಿಸಿಕೊಂಡರು, ಫೀ ಕೇಳದೆ ಕಲಿಸಿದರು, ಊಟ ಹಾಕಿದರು. ಕೊನೆಗೆ ಗದಗಿನಲ್ಲಿ ನೆಲೆ ಸಿಕ್ಕಿತು.

ಹಾಗೆ ಊರೂರು ತಿರುಗುವಾಗಲೇ ಕುಂದಗೋಳದ ಹತ್ತಿರದ ಯಲಿವಾಳದ ಬಸವರಾಜ ರಾಜಗುರು ಗವಾಯಿಗಳ ಕೈಗೆ ಸಿಕ್ಕಿದ್ದು. ಹುಡುಗನಿಗೆ ಆಗ ಹದಿಮೂರು ವರ್ಷ. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ. ಸಾವಿರಾರು ಜನ ಸೇರಿದ ಆ ಸಭೆಯಲ್ಲಿ ರಾಜಗುರು ಮೊದಲ ಸಲ ಹಾಡಲು ಕೂತರು. ಅವರಿಗೆ ತಬಲಾ ಸಾಥ್ ಮಾಡಿದವರು ಸ್ವತಃ ಪಂಚಾಕ್ಷರ ಗವಾಯಿಗಳು. ರಾಜಗುರು ಮುಂದೆ ಪದ್ಮಶ್ರೀ, ಪದ್ಮಭೂಷಣ ಎರಡನ್ನೂ ಪಡೆದರು. ಅವರ ಬದುಕಿನ ಎಲ್ಲ ವಿವರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಹಂಪಿಯ ಆ ಸಂಜೆ. ಎರಡೂ ಪದ್ಧತಿ ಬಲ್ಲ ಗುರು, ಆ ಸಭೆಯಲ್ಲಿ ತಾವೇ ಹಾಡಬಹುದಾಗಿದ್ದವರು, ಹತ್ತೊಂಬತ್ತು ವರ್ಷದ ಶಿಷ್ಯನ ಪಕ್ಕದಲ್ಲಿ ಠೇಕಾ ಹಿಡಿದು ಕೂತರು. ನಮ್ಮ ಮಠದ ಪಡಸಾಲೆಯಲ್ಲಿ ಹಿರಿಯ ಗವಾಯಿಯೊಬ್ಬರು, ತಮಗಿಂತ ಇಪ್ಪತ್ತು ವರ್ಷ ಚಿಕ್ಕವನು ಹಾಡುವಾಗ ಡಗ್ಗಾದ ಮೇಲೆ ಕೈ ಇಟ್ಟು, "ಹೂಂ, ತಗೋ" ಎಂದು ಹುರಿದುಂಬಿಸುವುದನ್ನು ಕಂಡಿದ್ದೇನೆ. ಅದು ಅವರ ಸೌಜನ್ಯ ಎಂದುಕೊಂಡು ಬಿಟ್ಟರೆ ಅರ್ಧ ಮಾತ್ರ ತಿಳಿದಂತೆ. ಆ ಶಾಲೆಯಲ್ಲಿ ಅದು ಪಾಠದ ಒಂದು ಭಾಗ. ಹಾಡುಗಾರನಾಗಲು ಬಂದವನೂ ತಬಲಾ ಕಲಿಯಬೇಕು, ತಬಲಾದವನಿಗೂ ಹಾಡು ಬರಬೇಕು. ಯಾವ ದಿನ ಯಾರ ಪಕ್ಕ ಯಾರು ಕೂರಬೇಕಾದೀತೆಂದು ಹೇಳಲಾಗದು.

1944ರಲ್ಲಿ ಪಂಚಾಕ್ಷರರು ತೀರಿಕೊಂಡರು. ಆಶ್ರಮ ಶಿಷ್ಯ ಪುಟ್ಟರಾಜರ ಹೆಗಲಿಗೆ ಬಂತು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೂಸಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟಯ್ಯನನ್ನು ಗವಾಯಿಗಳ ಹತ್ತಿರ ಕರೆತಂದವರು ಅವನ ಸೋದರಮಾವ. ಮೂವತ್ತು ವರ್ಷದವರಾಗಿದ್ದಾಗ ಹೊತ್ತ ಭಾರವನ್ನು ಅವರು 2010ರ ಸೆಪ್ಟೆಂಬರ್ 17ರವರೆಗೆ, ಅರವತ್ತಾರು ವರ್ಷ, ಕೆಳಗಿಳಿಸಲಿಲ್ಲ. ಪೇಟಿ, ತಬಲಾ, ಸಾರಂಗಿ, ಪಿಟೀಲು, ವೀಣೆ ಎಲ್ಲ ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಬರೆದರು. ಪುರಾಣಗಳನ್ನು ರಚಿಸಿದರು. ನೂರಾರು ಮಕ್ಕಳ ದಿನದ ಊಟಕ್ಕೆ ದಾರಿ ಬೇಕಲ್ಲ, ಅದಕ್ಕೆ ನಾಟಕ ಬರೆದರು, ಕಂಪನಿ ಕಟ್ಟಿದರು, ಟೆಂಟು ಹೊಡೆದು ಊರೂರು ಆಡಿಸಿದರು. ನಮ್ಮ ಹಿರಿಯರು ಆ ಕಂಪನಿಯ ಹೆಸರನ್ನು ಪೂರ್ತಿಯಾಗಿ, ಉಸಿರು ಕಟ್ಟಿ ಹೇಳುತ್ತಿದ್ದರು: ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳ ನಾಟ್ಯಸಂಘ. ಗುರುವಿನ ಹೆಸರೂ ಗುರುವಿನ ಗುರುವಿನ ಹೆಸರೂ ಅದರಲ್ಲಿ ಇದ್ದವು.

ತುಲಾಭಾರದ ಮಾತು ಹೇಳದಿದ್ದರೆ ಊರಿನ ಪಾಲು ಬಿಟ್ಟುಹೋಗುತ್ತದೆ. ಜಾತ್ರೆಯಲ್ಲೋ ಪುರಾಣದ ಮಂಗಲದಲ್ಲೋ ಪುಟ್ಟರಾಜ ಅಜ್ಜಾರನ್ನು ಕರೆಸಿ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸುವುದು, ಇನ್ನೊಂದರಲ್ಲಿ ನಾಣ್ಯ ಸುರಿಯುವುದು. ಆ ನಾಣ್ಯದ ಚೀಲ ಆಶ್ರಮದ ಗಾಡಿಗೆ. ಬಡಕಲು ದೇಹದ ಅಜ್ಜಾರು ತೂಗುತ್ತಿದ್ದುದು ಬಹಳ ಕಡಿಮೆ. ತಟ್ಟೆ ಸಮವಾದ ಮೇಲೂ ಸಾಲಿನಲ್ಲಿ ಮುದುಕಿಯರು ಸೆರಗಿನ ಗಂಟು ಬಿಚ್ಚುತ್ತ ನಿಂತಿರುತ್ತಿದ್ದರು, ಅವರನ್ನು ಸುಮ್ಮನೆ ಕಳಿಸುವ ಹಾಗಿರಲಿಲ್ಲ, ನಾಣ್ಯ ಹಾಕಲು ಬಿಡಬೇಕಾಗುತ್ತಿತ್ತು. ಹೀಗೆ ತಮ್ಮ ಊರಲ್ಲಿ ತುಲಾಭಾರ ಮಾಡಿಸಿದ ಹಳ್ಳಿಗಳು ಉತ್ತರ ಕರ್ನಾಟಕದಲ್ಲಿ ಎಷ್ಟೋ ನೂರು. ಅದರ ಜತೆಗೆ ಸುಗ್ಗಿಯಲ್ಲಿ ಆಶ್ರಮಕ್ಕೆಂದು ತೆಗೆದಿಡುವ ಜೋಳದ ಚೀಲ ಬೇರೆ. ಗವಾಯಿಗಳು ನಮ್ಮ ಊರಿಗೆ ಬಂದು ಹಾಡುವಾಗ ಅವರ ಗಂಟಲಲ್ಲಿ ನಮ್ಮ ಜೋಳವೂ ಇದೆ ಎಂದು ಹಿರಿಯರು ಹೇಳಿದರೆ ಅದು ಅಹಂಕಾರದ ಮಾತಲ್ಲ, ಲೆಕ್ಕದ ಮಾತು. ಒಂದು ಕಲಾಶಾಲೆಗೆ ದೂರದ ಇಷ್ಟು ಊರುಗಳು ಪಾಲುದಾರರಾಗಿ ನಿಂತದ್ದು ನನಗೆ ತಿಳಿದ ಮಟ್ಟಿಗೆ ಅಪರೂಪ.

ಹೀಗೆ ಪಾಲು ಕೊಟ್ಟ ಈ ಊರುಗಳ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಗ್ಯಾದರಿಂಗ್ ಆಗುತ್ತದೆ. ಹಳೆಯ ವಿದ್ಯಾರ್ಥಿಗಳನ್ನು ಕರೆದು ಶಾಲು ಹೊದಿಸುತ್ತಾರೆ. ಪಿಎಸ್‌ಐ ಆದವರು, ತಹಶೀಲ್ದಾರರಾದವರು, ಬೆಂಗಳೂರು ಪುಣೆಯಲ್ಲಿ ಎಂಜಿನಿಯರಾದವರು. ಆಗಲಿ, ಅವರ ಸಾಧನೆಯೂ ಸಾಧನೆಯೇ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ಕಾರ್ಯಕ್ರಮದ ಮೊದಲ ಮೂರು ನಿಮಿಷಕ್ಕೆ ಒಬ್ಬ ಗವಾಯಿಗಳನ್ನು ಕರೆದು ಪ್ರಾರ್ಥನೆ ಹಾಡಿಸಿ, ಅವರನ್ನು ವೇದಿಕೆಯಿಂದ ಇಳಿಸಿ, ಆಮೇಲೆ ಸಾಧಕರ ಸನ್ಮಾನ ಶುರುಮಾಡುತ್ತಾರೆ. ಪ್ರಾರ್ಥನೆ ಹಾಡಿದವರು ಸುತ್ತಲಿನ ಹಳ್ಳಿಗಳಲ್ಲಿ ಹತ್ತಾರು ಮಕ್ಕಳಿಗೆ ಸ್ವರ ಹೇಳಿಕೊಟ್ಟವರಾಗಿರುತ್ತಾರೆ. ಅವರ ಹೆಸರನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ನಾನು ಸಿಕ್ಕಸಿಕ್ಕವರಿಗೆ ಹೇಳುತ್ತಲೇ ಬಂದಿದ್ದೇನೆ.

ಆಶ್ರಮದ ಹಳೆಯ ವಿದ್ಯಾರ್ಥಿಗಳು ಸೇರುವ ರೀತಿಯೇ ಬೇರೆ. ಜೂನ್ ತಿಂಗಳಲ್ಲಿ ಗದಗಿನಲ್ಲಿ ಪಂಚಾಕ್ಷರರ ಪುಣ್ಯಸ್ಮರಣೆ, ಜಾತ್ರೆ. ಪದ್ಮಶ್ರೀ ಬಂದವರೂ ಬರುತ್ತಾರೆ, ಹಳ್ಳಿಯ ಭಜನಾ ಮಂಡಳಿಗೆ ಪೇಟಿ ಬಾರಿಸುವವರೂ ಬರುತ್ತಾರೆ. ಆಕಾಶವಾಣಿಯ ಕಲಾವಿದರು, ಹೈಸ್ಕೂಲಿನ ಸಂಗೀತ ಮಾಸ್ತರರು, ನಾಟಕ ಕಂಪನಿಗಳಲ್ಲಿ ದುಡಿದು ಮುದುಕರಾದವರು, ಕೀರ್ತನಕಾರರು, ಮನೆಮನೆಗೆ ಹೋಗಿ ಪಾಠ ಹೇಳುವವರು. ಯಾರಿಗೂ ಸಂಭಾವನೆ ಇಲ್ಲ, ಎಲ್ಲರದೂ ಸೇವೆ. ರಾತ್ರಿಯಿಡೀ ಹಾಡು ನಡೆಯುತ್ತದೆ. ಗದ್ದುಗೆಯ ಮುಂದೆ ಸಿಕ್ಕ ಹತ್ತು ನಿಮಿಷಕ್ಕೆ ನಮ್ಮ ಕಡೆಯ ಗವಾಯಿಯೊಬ್ಬರು ತಿಂಗಳಿಂದ ಒಂದೇ ಚೀಜನ್ನು ತಿದ್ದಿಕೊಳ್ಳುತ್ತಿದ್ದುದನ್ನು ನಾನು ಬಲ್ಲೆ. "ಇಲ್ಲಿ ಮಂದಿ ಮುಂದ ತಪ್ಪಿದ್ರ ನಡೀತದರಿ. ಅಲ್ಲಿ ಕೂತವರೆಲ್ಲಾ ನನ್ನ ಜೋಡಿ ಪಲ್ಟಾ ತಿದ್ದಿದವರು" ಎಂದಿದ್ದರು. ಕಣ್ಣಿಲ್ಲದ ಹಳೆಯ ಸಹಪಾಠಿಗಳು ಅಂಗಳದಲ್ಲಿ ಎದುರುಬದುರಾದಾಗ ಕೆಮ್ಮಿನಿಂದಲೇ ಗುರುತು ಹಿಡಿದು, ಕೈ ಹಿಡಿದು, ಯಾರು ಎಲ್ಲಿದ್ದಾರೆ, ಯಾರು ಹೋದರು ಎಂದು ವಿಚಾರಿಸಿಕೊಳ್ಳುತ್ತಾರೆ. ಯಾವ ಊರಿನ ಮಠದಲ್ಲಿ ಪುರಾಣಕ್ಕೆ ಹಾಡುವವರು ಬೇಕಾಗಿದ್ದಾರೆ, ಯಾವ ಶಾಲೆಯಲ್ಲಿ ತಬಲಾದವನು ಬೇಕು ಎಂಬ ಸುದ್ದಿಯೂ ಅಲ್ಲೇ ಕೈಬದಲಾಗುತ್ತದೆ. ಹಿರಿಯನಿಗೆ ಬಂದ ಎರಡು ಕರೆಗಳಲ್ಲಿ ಒಂದು ಆಗಷ್ಟೇ ಕಲಿತು ಮುಗಿಸಿದ ಹುಡುಗನಿಗೆ ಹೋಗುತ್ತದೆ. ನಮ್ಮೂರಿಗೆ ಹೊಸ ದನಿ ಬರುವುದು ಹಾಗೆ.

ಆಶ್ರಮದೊಳಗಿನ ಬದುಕನ್ನೂ ಅವರ ಬಾಯಿಂದಲೇ ಕೇಳಬೇಕು. ಬೆಳಗಿನ ಜಾವ ಎದ್ದು ಒಂದೊಂದು ಮೂಲೆಯಲ್ಲಿ ಒಂದೊಂದು ಸ್ವರ ಹಿಡಿದು ಕೂತ ಮಕ್ಕಳು. ಕಣ್ಣಿದ್ದವನು ಕಣ್ಣಿಲ್ಲದವನ ಕೈಹಿಡಿದು ಊಟದ ಪಂಕ್ತಿಗೆ ಕರೆದೊಯ್ಯುತ್ತಾನೆ. ಪಾಠದ ಹೊತ್ತಿನಲ್ಲಿ ಅವನ ತಾಳ ತಪ್ಪಿದರೆ ಕಣ್ಣಿಲ್ಲದವನು ತಿದ್ದುತ್ತಾನೆ. ದೊಡ್ಡವನು ಚಿಕ್ಕವನಿಗೆ ಕಲಿಸಿಯೇ ತಾನು ಮುಂದಿನ ಪಾಠಕ್ಕೆ ಹೋಗಬೇಕು. ಹೀಗೆ ಇದ್ದು ಬಂದವರು ನಮ್ಮೂರಿಗೆ ಬಂದಾಗ ಮಠದ ಹುಡುಗರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಪುರಾಣ ಇರುವುದು ಸಂಜೆ. ಬೆಳಿಗ್ಗೆ ಏಳಕ್ಕೆ ಸಾ ಹಿಡಿಸುವುದು ಅವರಿಗೆ ಯಾರೂ ಒಪ್ಪಿಸದ ಕೆಲಸ, ಆದರೂ ಮಾಡುತ್ತಾರೆ.

ಗಾಯಕ ಎಂ. ವೆಂಕಟೇಶಕುಮಾರರ ಕಥೆಯೂ ಇದೇ ದಾರಿಯದು. ಬಳ್ಳಾರಿ ಸೀಮೆಯ ಜನಪದ ಹಾಡುಗಾರರ ಮಗ. ತೊಗಲುಗೊಂಬೆ ಆಟದಿಂದ ಹೆಸರಾದ ಬೆಳಗಲ್ಲು ವೀರಣ್ಣನವರು ಇವರ ಸೋದರಮಾವ. ಹುಡುಗನನ್ನು ಗದಗಿಗೆ ತಂದು ಬಿಟ್ಟವರು ಅವರೇ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಪುಟ್ಟರಾಜರ ಬಳಿ ಇದ್ದು ಕಲಿತು, ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನಲ್ಲಿ ಕಲಿಸಿ, 2016ರಲ್ಲಿ ಪದ್ಮಶ್ರೀ ಪಡೆದರು. ಅದಕ್ಕೆ ಆರು ವರ್ಷ ಮೊದಲು, ತೀರಿಕೊಂಡ ವರ್ಷವೇ, ಪುಟ್ಟರಾಜರಿಗೆ ಪದ್ಮಭೂಷಣ ಬಂದಿತ್ತು. 1995ರಲ್ಲಿ ಪಂಚಾಕ್ಷರರ ಬದುಕು ಸಿನಿಮಾ ಆಗಿ, ಅದರ ಸಂಗೀತಕ್ಕೆ ಹಂಸಲೇಖರಿಗೂ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದವು. ಇವೆಲ್ಲ ನಮಗೆ ಸಂತೋಷದ ಸಂಗತಿಗಳೇ. ವೆಂಕಟೇಶಕುಮಾರರು ಪುಣೆ, ಕೋಲ್ಕತಾದಲ್ಲಿ ಹಾಡಿದ ಧ್ವನಿಮುದ್ರಣವನ್ನು ನಮ್ಮ ಟ್ರ್ಯಾಕ್ಟರ್ ಹುಡುಗರು ಮೊಬೈಲಿನಲ್ಲಿ ಕೇಳುತ್ತಾರೆ. ಆದರೆ ಆ ಹುಡುಗರ ಕಿವಿ ಹದಗೊಂಡದ್ದು ಊರಿನ ಪಡಸಾಲೆಯಲ್ಲಿ ಎಂಬುದು ನೆನಪಿರಲಿ. ದೊಡ್ಡ ಗಾಯಕರಿಗೆ ಕೇಳುಗರನ್ನು ತಯಾರು ಮಾಡಿಕೊಟ್ಟವರು ಅವರ ಸಹಪಾಠಿಗಳೇ.

ಈಗ ದಿನಗಳು ಕಷ್ಟದವು. ತಿಂಗಳ ಪುರಾಣ ಹನ್ನೊಂದು ದಿನಕ್ಕೆ, ಕೆಲವೆಡೆ ಐದು ದಿನಕ್ಕೆ ಬಂದಿದೆ. ಪೆಂಡಾಲಿಗೆ, ಲೈಟಿಂಗಿಗೆ, ಮೆರವಣಿಗೆಯ ಡಿಜೆಗೆ ಕೇಳಿದಷ್ಟು ಕೊಡುವ ಕಮಿಟಿಗಳು ಗವಾಯಿಗಳ ಸಂಭಾವನೆಯ ಮಾತು ಬಂದಾಗ ಚೌಕಾಸಿಗೆ ಇಳಿಯುತ್ತವೆ. ಇದು ತಪ್ಪು, ಮತ್ತು ಇದನ್ನು ಸಭೆಯಲ್ಲಿ ಎದ್ದು ನಿಂತು ಹೇಳಬೇಕು. ನಮ್ಮ ಭಾಗದ ಎಷ್ಟೋ ಹೈಸ್ಕೂಲುಗಳಲ್ಲಿ ಸಂಗೀತ ಮಾಸ್ತರರಿಲ್ಲ. ವಿದ್ವತ್ ಮುಗಿಸಿದ ಹುಡುಗ ಮದುವೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸಿ ಹೊಟ್ಟೆ ಹೊರೆದುಕೊಳ್ಳುವುದನ್ನು ನೋಡಿದ್ದೇನೆ. ಹೀಗಿದ್ದೂ ಹೊಸ ಮಕ್ಕಳು ಹೋಗುತ್ತಲೇ ಇದ್ದಾರೆ. ಮೊದಲು ಹುಡುಗರೇ ಹೆಚ್ಚಾಗಿದ್ದ ಬೆಳಗಿನ ಪಾಠಕ್ಕೆ ಈಗ ನಮ್ಮಲ್ಲಿ ಹುಡುಗಿಯರು ಹೆಚ್ಚು. ಕಬ್ಬಿನ ಗ್ಯಾಂಗಿನವರ ಮಗಳೊಬ್ಬಳು ಕಳೆದ ವರ್ಷ ಜೂನಿಯರ್ ಪಾಸಾಗಿ, ಊರ ಅಕ್ಕನ ಬಳಗದ ಭಜನೆಗೆ ತಾನೇ ಪೇಟಿ ಹಿಡಿದಿದ್ದಾಳೆ.

ಕಳೆದ ಶ್ರಾವಣದ ಕೊನೆಯಲ್ಲಿ ಪಕ್ಕದ ಹಳ್ಳಿಯ ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಳು. ಹುಡುಗನಿಗೆ ದೃಷ್ಟಿ ಇಲ್ಲ. ಮನೆಯಲ್ಲಿ ಕೊಡ, ಡಬ್ಬಿ, ಬಾಗಿಲು ಎಲ್ಲದರ ಮೇಲೂ ಬಡಿಯುತ್ತಾನೆ ಎಂದು ಅವಳ ದೂರು. ಗವಾಯಿಗಳು ಹುಡುಗನನ್ನು ಪಕ್ಕಕ್ಕೆ ಕರೆದು, ಅವನ ಅಂಗೈ ಸವರಿ ನೋಡಿ, ಡಗ್ಗಾ ಮುಂದಿಟ್ಟು ಒಂದು ಠೇಕಾ ಬಾರಿಸಿ ತೋರಿಸಿದರು. ಹುಡುಗ ಅದನ್ನು ತಿರುಗಿ ಬಾರಿಸಿದ. ಇನ್ನೊಂದು ಬಾರಿಸಿದರು. ಅದೂ ಬಂತು. ಮೂರನೆಯದನ್ನು ಹುಡುಗ ತಾನಾಗಿಯೇ ಬೇರೆ ರೀತಿ ತಿರುಗಿಸಿದ. ಗವಾಯಿಗಳು ತಬಲಾದವರ ಕಡೆಗೆ ಮುಖ ತಿರುಗಿಸಿ, "ಕೇಳಿದಿ?" ಎಂದರು. "ಕೇಳಿದ್ನಿರಿ" ಎಂದರು ಅವರು.

"ಯವ್ವಾ, ಗದಗಿಗೆ ಕಳಸ್ತೀ ಇವನ್ನ?"

ತಾಯಿ ಸೆರಗಿನ ಅಂಚು ಸುತ್ತುತ್ತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದಾಗಿ ಕೇಳಿದಳು. "ಊಟಕ್ಕ ಏನ್ ಹಾಕ್ತಾರ್ರಿ?" ರೊಟ್ಟಿ, ಅನ್ನ, ಸಾರು ಎಂದರು. "ಫೀ ಎಷ್ಟರಿ?" ಫೀ ಇಲ್ಲ. "ಹೊಡೀತಾರೇನ್ರಿ?" ಗವಾಯಿಗಳು ಆ ಪ್ರಶ್ನೆಗೆ ಸ್ವಲ್ಪ ಯೋಚಿಸಿ, "ನಾ ಅಲ್ಲಿಗೆ ಹ್ವಾದಾಗ ಇವನಕ್ಕಿಂತ ಸಣ್ಣವ ಇದ್ನಿ ತಾಯಿ. ಮೊದಲನೇ ವಾರ ಅತ್ನಿ. ಆಮ್ಯಾಲ ದೀಪಾವಳಿ ಸೂಟಿಗೆ ಮನಿಗೆ ಕರೀಲಾಕ ಬಂದ್ರ ಒಲ್ಲೆ ಅಂದ್ನಿ" ಎಂದರು.

"ಏನೇನ್ ಕಟ್ಟಿ ಕೊಡಬೇಕ್ರಿ?"

"ಒಂದ ತಾಟು, ಒಂದ ಚರಿಗಿ, ಹಾಸಾಕ ಹೊದಿಯಾಕ ಒಂದ ಕೌದಿ, ಎರಡ ಜೋಡ ಅರಬಿ. ಆಧಾರ್ ಕಾರ್ಡ, ಶಾಲಿ ಕಾಗದ ಮರೀಬ್ಯಾಡ. ಜೂನಿಗೆ ಜಾತ್ರಿ ಅದ, ನಾವ್ ಹೆಂಗೂ ಹೊಂಟಿರ್ತೀವಿ. ನಮ್ಮ ಜೋಡೀನ ಬಾ, ನಿನ್ನ ಕೈಲೇನ ಅವನ್ನ ಅಲ್ಲಿ ಬಿಡು."

ಜೂನಿನಲ್ಲಿ ಅವರು ಹೋದರು. ತೇರದಾಳದ ಬಸ್ಸು ಬರುವವರೆಗೆ ಹುಡುಗ ಗವಾಯಿಗಳ ಪೇಟಿಯ ಮುಚ್ಚಳದ ಮೇಲೆ ಬಡಿಯುತ್ತಲೇ ಇದ್ದ, ಯಾರೂ ಬೇಡ ಎನ್ನಲಿಲ್ಲ. ಈ ಶ್ರಾವಣಕ್ಕೆ ಆ ತಾಯಿ ಮತ್ತೆ ಮಠಕ್ಕೆ ಬಂದಿದ್ದಳು, ಪುರಾಣ ಕೇಳಲು. ಮಗ ಈಗ ತೀನ್‌ತಾಲದ ಮೇಲೆ ಕಾಯದಾ ಕಲಿಯುತ್ತಿದ್ದಾನಂತೆ, ಹಾಡಿನ ಪಾಠವೂ ಶುರುವಾಗಿದೆಯಂತೆ. ಸುಗ್ಗಿ ಮುಗಿದ ಮೇಲೆ ಆಶ್ರಮಕ್ಕೆ ಒಂದು ಚೀಲ ಜೋಳ ಕಳಿಸಬೇಕು, ಯಾವ ಲಾರಿಗೆ ಹಾಕಿದರೆ ಗದಗಿಗೆ ಮುಟ್ಟುತ್ತದೆ ಎಂದು ನನ್ನನ್ನು ಕೇಳಿದಳು.